ಬಾಲ ಹರಿದ ಬಾಳೆಮೀನು

ಕನಸಿನ ಸೂಚನೆ, ದೂರದಲ್ಲಿ ನಡೆದದ್ದು ಮನೆಯಲ್ಲಿ ಕೂತವರಿಗೆ ತಿಳಿಯುವುದು, ಇಂಥ ಮಾತು ಬಂದರೆ ನಾನು ನಗುವವನಾಗಿದ್ದೆ. ಸಿಂದಗಿ ಬಸ್ಸಿನಲ್ಲಿ ಪಕ್ಕದವರು ಅಂಥದೊಂದು ಕಥೆ ಶುರುಮಾಡಿದರೆ, "ನೀವ ಕಣ್ಣಾರೆ ಕಂಡೀರೇನ್ರಿ?" ಎಂದು ಕೇಳಿ ಅವರ ಉತ್ಸಾಹಕ್ಕೆ ತಣ್ಣೀರೆರಚುತ್ತಿದ್ದೆ. ವಿಜ್ಞಾನದ ಮಾಸ್ತರನಾದ ಮೇಲಂತೂ ಕೇಳಲೇಬೇಡಿ. ದೆವ್ವ ಭೂತಗಳಲ್ಲಿ ನನಗೆ ಈಗಲೂ ನಂಬಿಕೆಯಿಲ್ಲ. ಆದರೆ ಪಕ್ಕದವರನ್ನು ಹಾಗೆ ಕೇಳುವುದನ್ನು ಬಿಟ್ಟಿದ್ದೇನೆ.

ಎಪ್ಪತ್ತರ ದಶಕದ ನಡುವಿನ ಮಾತು. ನನ್ನ ಊರು ಇಂಗಳೇಶ್ವರ. ನೌಕರಿ ಸಿಕ್ಕಿದ್ದು ಮುದ್ದೇಬಿಹಾಳ ತಾಲೂಕಿನಲ್ಲಿ, ಕೃಷ್ಣೆಯ ದಂಡೆಯ ಒಂದು ಹಳ್ಳಿಯಲ್ಲಿ. ಒಣಭೂಮಿಯಲ್ಲಿ ಬೆಳೆದವನಿಗೆ ಅಷ್ಟು ನೀರು ಕಂಡು ಹುಚ್ಚೇ ಹಿಡಿಯಿತು. ಶಾಲೆ ಬಿಟ್ಟೊಡನೆ ಹೊಳೆಗೆ ಹೋಗುತ್ತಿದ್ದೆ. ಅಲ್ಲಿ ಅಂಬಿಗರ ದುರಗಪ್ಪನ ಸ್ನೇಹವಾಯಿತು. ಅವನು ಗಾಳ ಹಾಕುವಾಗ ಅವನ ಹರಿಗೋಲಿನಲ್ಲಿ ಸುಮ್ಮನೆ ಕೂರುವುದೇ ನನಗೆ ದೊಡ್ಡ ಸುಖ. ನಮ್ಮ ಮನೆಯಲ್ಲಿ ಮೀನಿನ ಹೆಸರೂ ಎತ್ತುತ್ತಿರಲಿಲ್ಲ. "ಹಿಡಿಯೂದಿಲ್ಲ, ತಿನ್ನೂದಿಲ್ಲ, ನೀರಾಗ ಕುಂತು ಏನ ಮಾಡ್ತೀರಿ ಮಾಸ್ತರ?" ಎಂದು ದುರಗಪ್ಪನ ತಾಯಿ ಯಲ್ಲವ್ವ ಚೇಷ್ಟೆ ಮಾಡುತ್ತಿದ್ದಳು.

ಆ ದಂಡೆಯ ಅಂಬಿಗರಿಗೆ ಒಂದು ಕಟ್ಟಳೆ ಇತ್ತು. ಕಾರಹುಣ್ಣಿಮೆಯ ದಿನ ಬಲೆಗಳನ್ನು ಸುತ್ತಿ ಮನೆಯ ತೊಲೆಗೆ ಕಟ್ಟಿದರೆ, ನಾಗರಪಂಚಮಿ ಕಳೆಯುವವರೆಗೆ ಬಿಚ್ಚುವಂತಿರಲಿಲ್ಲ. ಹೊಸ ನೀರಿಗೆ ಮೀನು ತತ್ತಿ ಇಡುವ ಕಾಲ ಅದು. ಮನೆಯ ಊಟಕ್ಕೆ ಗಾಳ ಹಾಕಬಹುದಿತ್ತು, ಆದರೆ ಹೊಟ್ಟೆಯಲ್ಲಿ ತತ್ತಿಯಿದ್ದ ಮೀನು ಸಿಕ್ಕರೆ ತಿರುಗಿ ನೀರಿಗೇ ಬಿಡಬೇಕು. ತತ್ತಿ ಇದೆಯೋ ಇಲ್ಲವೋ ಎಂದು ಮೀನು ಹಿಡಿದವನು ಬಾಯಿ ಬಿಡುವಂತಿಲ್ಲ, ಅವನಿಗೆ ಆಸೆ ಇರುತ್ತದಲ್ಲ. ಹರಿಗೋಲಿನಲ್ಲಿದ್ದ ಇನ್ನೊಬ್ಬ ಹೊಟ್ಟೆ ಮುಟ್ಟಿ ಹೇಳಬೇಕು. ಅವನು ಹೇಳಿದ್ದೇ ಕೊನೆ.

ಇದನ್ನೆಲ್ಲ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದವಳು ಯಲ್ಲವ್ವ. ನನ್ನನ್ನು ಆ ಕೆಲಸಕ್ಕೆ ಹಚ್ಚಿದವಳೂ ಅವಳೇ. "ಮೀನ ತಿನ್ನದವನ ಕೈ ಸುಳ್ಳ ಹೇಳೂದಿಲ್ಲ" ಎಂದು ಎಲ್ಲರೆದುರು ಹೇಳಿ, ನನ್ನ ಬೆರಳು ಹಿಡಿದು ಹೇಗೆ ಒತ್ತಿ ನೋಡಬೇಕೆಂದು ತೋರಿಸಿಕೊಟ್ಟಳು. ನನಗೋ ಹೆಮ್ಮೆಯೇ ಹೆಮ್ಮೆ. ಪರೀಕ್ಷೆಯ ಪೇಪರು ತಿದ್ದುವ ಗತ್ತಿನಲ್ಲಿ ಮೀನಿನ ಹೊಟ್ಟೆ ಒತ್ತುತ್ತಿದ್ದೆ. ಸುಳ್ಳು ಹೇಳದ ಕೈ ತಪ್ಪು ಹೇಳಬಹುದು ಎಂಬುದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಮರುವರ್ಷದ ಮಳೆಗಾಲದಲ್ಲಿ, ಬಲೆಗಳಿನ್ನೂ ತೊಲೆಯಲ್ಲಿರುವಾಗಲೇ, ಯಲ್ಲವ್ವ ಹಾಸಿಗೆ ಹಿಡಿದಳು. ಅನ್ನ ರೊಟ್ಟಿ ಬಿಟ್ಟಳು, ಕೊನೆಗೆ ಅಂಬಲಿಯನ್ನೂ ಬಿಟ್ಟಳು. ಒಂದು ಮಧ್ಯಾಹ್ನ ಕಣ್ಣು ತೆರೆದು ಸೊಸೆ ನೀಲವ್ವನನ್ನು ಕರೆದು, "ಬಾಳಿಮೀನಿನ ಸಾರು ಒಂದ ಗುಟುಕ ಕುಡೀಬೇಕನಸ್ತೈತಿ" ಎಂದಳಂತೆ. ಮುದುಕಿ ಬಾಯಿ ತೆರೆದು ಬೇಡಿದ್ದು ಅದೊಂದೇ. ದುರಗಪ್ಪ ಶಾಲೆಯ ಬಾಗಿಲಿಗೇ ಬಂದ. "ಬರ್ರಿ ಮಾಸ್ತರ, ಮಡುವಿಗೆ ಹೋಗೂಣು. ಅವ್ವ ಇವತ್ತರ ಎರಡ ಗುಟುಕ ಕುಡದರ ಸಾಕು" ಎಂದ.

ಊರಿಂದ ಮೇಲಕ್ಕೆ, ಹೊಳೆಯ ತಿರುವಿನ ಆಚೆ ಆ ಮಡು ಇತ್ತು. ತುಂತುರು ಮಳೆ. ದಂಡೆಯಲ್ಲಿ ನರಪಿಳ್ಳೆ ಇರಲಿಲ್ಲ. ಬಹಳ ಹೊತ್ತು ಏನೂ ಸಿಗಲಿಲ್ಲ. ನೀರು ಕೆಂಪಗಾಗಿ ಏರತೊಡಗಿತು, ಇನ್ನು ತಿರುಗಲೇಬೇಕು ಎನ್ನುವಾಗ ದಾರ ಬಿಗಿಯಿತು. ಮೊಳಕ್ಕಿಂತ ಉದ್ದದ ಬಾಳೆಮೀನು. ಬಾಲದ ಒಂದು ಕಡೆ ಯಾವಾಗಲೋ ಹರಿದುಹೋಗಿ ಹಾಗೆಯೇ ಮಾಯ್ದಿತ್ತು. ದುರಗಪ್ಪ ಅದನ್ನು ಎರಡೂ ಕೈಯಲ್ಲಿ ಹಿಡಿದು ನನ್ನತ್ತ ಚಾಚಿದ.

"ಮುಟ್ಟಿ ಹೇಳ್ರಿ."

ಮುಟ್ಟಿದೆ. ಹೊಟ್ಟೆ ತುಂಬಿಕೊಂಡಿತ್ತು. ತತ್ತಿಯೋ, ಆಗಷ್ಟೇ ನುಂಗಿದ ಮರಿಮೀನೋ? ಇನ್ನೊಮ್ಮೆ ಒತ್ತಿ ನೋಡಬಹುದಿತ್ತು. ಗೆಳೆಯನ ತಾಯಿ ಎಂದು ಕೈ ಸಡಿಲಿಸಿದೆ ಅಂತ ಆಗಬಾರದು ಎಂಬ ಹಟ ಒಳಗೆ ಎದ್ದಿತು. "ತತ್ತಿ ಐತಿ" ಎಂದೆ.

ದುರಗಪ್ಪ ನನ್ನ ಮುಖ ನೋಡಿದ. ಒಂದು ಮಾತೂ ಆಡದೆ ಬಗ್ಗಿ ಮೀನನ್ನು ನೀರಿಗೆ ಬಿಟ್ಟ. ಆಮೇಲೆ ಹುಟ್ಟು ಹಾಕಿ ಹರಿಗೋಲನ್ನು ಊರಿನತ್ತ ತಿರುಗಿಸಿದ.

ಮನೆಯ ಹೊಸ್ತಿಲಲ್ಲಿ ನೀಲವ್ವ ನಿಂತಿದ್ದಳು. ಅವಳ ಹಿಂದೆ ಒರಳಿನಲ್ಲಿ ಖಾರ ಅರ್ಧ ಅರೆದು ಹಾಗೆಯೇ ಬಿಟ್ಟದ್ದು ಕಾಣುತ್ತಿತ್ತು. ನಮ್ಮ ಬರಿಗೈ ನೋಡಿ ಅವಳ ಮುಖ ಬಿಳಿಚಿಕೊಂಡಿತು.

"ಅತ್ತಿ ಆಗಳೇ ಅಂದ್ರು, ಖಾರ ಅರಿಯೂದು ನಿಲ್ಲಸು ಅಂತ. ಬಾಲ ಹರದದ್ದೊಂದು ಬಂದಿತ್ತು, ಮಾಸ್ತರ ಬಿಡಿಸಿದ. ಅದರ ಹೊಟ್ಯಾಗ ತತ್ತಿ ಇರಲಿಲ್ಲ ಅಂದ್ರು. ಜ್ವರದಾಗ ಬಡಬಡಸ್ತಾರ ಅಂದಕೊಂಡೆ. ಖರೇನೇನ್ರಿ?"

ದುರಗಪ್ಪ ಒಳಗೆ ಹೋಗಿ ತಾಯಿಯ ಕಾಲ ಬಳಿ ಕೂತ. ನಾನು ಹತ್ತಿರ ಹೋದಾಗ ಯಲ್ಲವ್ವ ನನ್ನ ಕೈ ಹುಡುಕಿ ಹಿಡಿದಳು. ಹಿಂದೆ ಕಲಿಸಿದ್ದಳಲ್ಲ, ಹಾಗೆಯೇ ನನ್ನ ಬೆರಳ ತುದಿಗಳನ್ನು ಒಂದೊಂದಾಗಿ ಒತ್ತಿದಳು. ಸಿಟ್ಟೋ, ಸಮಾಧಾನವೋ, ನನಗೆ ತಿಳಿಯಲಿಲ್ಲ. ಬೆಳಗಾಗುವುದರೊಳಗೆ ತೀರಿಕೊಂಡಳು.

ಆಮೇಲೆ ನಾನು ತಲೆ ಓಡಿಸದೆ ಬಿಟ್ಟಿಲ್ಲ. ಯಾರೋ ದಂಡೆಯಿಂದ ನೋಡಿ ಓಡಿಬಂದು ಹೇಳಿರಬೇಕು ಎಂದುಕೊಂಡೆ. ಆದರೆ ಆ ಕೆಸರಿನಲ್ಲಿ ಹರಿಗೋಲಿಗಿಂತ ಮೊದಲು ಊರು ಮುಟ್ಟುವುದು ಯಾರಿಗೂ ಸಾಧ್ಯವಿರಲಿಲ್ಲ. ಬಾಲ ಹರಿದ ಮೀನು ಆ ಮಡುವಿನಲ್ಲಿದೆ ಎಂದು ಅವಳಿಗೆ ಮೊದಲೇ ಗೊತ್ತಿರಬಹುದು, ಒಪ್ಪೋಣ. ಅದು ಅಂದೇ ಸಿಕ್ಕಿತು, ನಾನು ಬಿಡಿಸಿದೆ ಎಂಬುದು? ಮಕ್ಕಳಿಗೆ ಪ್ರತಿಯೊಂದಕ್ಕೂ ಕಾರಣ ಕೇಳಿ ಎಂದು ಕಲಿಸಿದವನು ಇಲ್ಲಿ ಬಾಯಿ ಮುಚ್ಚಿಕೊಂಡಿದ್ದೇನೆ. ಅವಳಿಗೆ ತಿಳಿದದ್ದು ಹೇಗೆ ಎಂಬುದಕ್ಕಿಂತ, ಅವಳು ಹೇಳಿದ್ದು ನಿಜವಿರಬಹುದೇ ಎಂಬುದೇ ನನ್ನನ್ನು ಹೆಚ್ಚು ತಿಂದಿದೆ. ಸಾಯುವವಳ ಒಂದು ಗುಟುಕನ್ನು ನಾನು ಕಸಿದೆನೇ? ಕಟ್ಟಳೆ ಪಾಲಿಸಿದೆ ಎಂದು ಎದೆ ತಟ್ಟಿಕೊಂಡು ಹೇಳಲು ಇಂದಿಗೂ ಆಗಿಲ್ಲ.

ಮುಂದಿನ ಕಾರಹುಣ್ಣಿಮೆ ಕಳೆದ ಮೇಲೆ ದುರಗಪ್ಪ ಮತ್ತೆ ಕರೆಯಲು ಬಂದ. ಬರುವುದಿಲ್ಲ ಎನ್ನಲು ನಾಲಗೆ ಏಳಲಿಲ್ಲ. ಅದೇ ಮಡುವಿನಲ್ಲಿ ಮೀನೊಂದು ಸಿಕ್ಕಿತು. ಅವನು ಎರಡೂ ಕೈಯಲ್ಲಿ ಹಿಡಿದು ಚಾಚಿದ. ದನಿಯಲ್ಲಿ ಕಹಿ ಎಂಬುದು ಎಳ್ಳಷ್ಟೂ ಇರಲಿಲ್ಲ.

"ಮುಟ್ಟಿ ಹೇಳ್ರಿ ಮಾಸ್ತರ."

ಮುಟ್ಟಿದೆ. ಬೆರಳಿಗೆ ಏನೂ ತಿಳಿಯಲಿಲ್ಲ. "ನಿನ್ನ ಕೈಯಾಗೇ ಐತೆಲ್ಲೋ, ನಿನಗ ಗೊತ್ತಾಗೂದಿಲ್ಲೇನು? ನೀನ ಹೇಳು" ಎಂದೆ.

"ಹಿಡದಾಂವ ಹೇಳಬಾರದ್ರಿ" ಎಂದ ದುರಗಪ್ಪ. "ಹೋದ ವರ್ಷಾನೂ ಹೇಳಲಿಲ್ಲಲ್ರಿ ನಾ."