ಮೂವತ್ತೆಂಟು ಮೆಟ್ಟಿಲಿನ ಗಿರಿಜಾದೇವಿ

ಬಸವೇಶ್ವರನಗರದ ಸಮಸ್ತ ನಾಗರಿಕರ ಅವಗಾಹನೆಗೆ ತರುವುದೇನೆಂದರೆ, ಇಂದು ಬೆಳಗಿನ ಐದೂ ಮುಕ್ಕಾಲಿಗೆ ಮೂರನೇ ಹಂತದ ಮನೆಯೊಂದರ ಟೆರೇಸಿನ ಮೇಲೆ ನಾಲ್ಕು ಬೆಡ್‌ಶೀಟು, ಆರು ದಿಂಬಿನ ಕವರು ಹಾಗೂ ಒಂದು ಕಾಲೊರೆಸುವ ಬಟ್ಟೆಯನ್ನು ವಿಧ್ಯುಕ್ತವಾಗಿ ಒಣಹಾಕಲಾಗುತ್ತಿದೆ. ಗಣ್ಯರು ಯಾರೂ ಬಂದಿಲ್ಲ. ಕ್ಲಿಪ್ಪುಗಳ ಹಾಜರಾತಿಯೂ ಕಡಿಮೆ.

ಒಣಹಾಕುತ್ತಿರುವವರು ಗಿರಿಜಾದೇವಿ, ವಯಸ್ಸು ಐವತ್ತಾರು, ಮನೆಯ ಒಡತಿ. ಒಡತಿ ಎಂದ ಮಾತ್ರಕ್ಕೆ ಆಳು ಇಟ್ಟುಕೊಂಡಿದ್ದಾರೆ ಎಂದುಕೊಳ್ಳಬೇಡಿ. ಆ ಹುದ್ದೆಯೂ ಅವರದ್ದೇ. "ವಾಷಿಂಗ್ ಮಿಷಿನ್ ಐತೆ ಸಾರ್. ಅದು ಕೆಳಗೈತೆ, ಬಿಸಿಲು ಮೇಲೈತೆ. ನಾನು ಮಧ್ಯದಲ್ಲಿದೀನಿ," ಎನ್ನುತ್ತಾರೆ ಮಂಡಿ ಹಿಡಿದುಕೊಂಡು.

ತಿಪಟೂರು ಕಡೆಯಿಂದ ಸೊಸೆಯಾಗಿ ಬಂದವರು. ಹತ್ತೊಂಬತ್ತು ವರ್ಷ ಸೀರೆಗೆ ಫಾಲ್ಸ್ ಹೊಲಿದರು. ಸೂಜಿಯ ಕಣ್ಣು ಹುಡುಕಿ ಹುಡುಕಿ ತಮ್ಮ ಕಣ್ಣೇ ಮಂಜಾದಾಗ ಗಂಡನೂ ಇರಲಿಲ್ಲ. ಮಹಡಿಯ ರೂಮನ್ನು ಎರಡು ದಿನ, ಮೂರು ದಿನ ಉಳಿಯುವವರಿಗೆ ಕೊಡತೊಡಗಿದರು. ಆಸ್ಪತ್ರೆಗೆ ಬಂದವರು, ಛತ್ರದಲ್ಲಿ ಜಾಗ ಸಾಲದ ಮದುವೆ ನೆಂಟರು, ಪರೀಕ್ಷೆ ಬರೆಯಲು ಬಂದ ಹುಡುಗಿಯರು. ಹೊಟ್ಟೆ ಬಟ್ಟೆ ನಡೆಯುತ್ತಿರುವುದು ಅದರಲ್ಲೇ.

"ಹೊಸಹಳ್ಳಿ ಮೆಟ್ರೊ ಇಳಿದು ಫೋನ್ ಮಾಡ್ತಾರೆ. 'ಆಂಟಿ, ಹೋಟ್ಲಾ?' ಅಂತಾರೆ. 'ಇಲ್ಲಪ್ಪ, ಮನೆ. ಚಪ್ಪಲಿ ಹೊರಗೆ ಬಿಡಬೇಕು' ಅಂತೀನಿ."

ಬೀದಿಯಿಂದ ಟೆರೇಸಿಗೆ ಮೂವತ್ತೆಂಟು ಮೆಟ್ಟಿಲು. ದಿನಕ್ಕೆ ಒಂಬತ್ತು ಸಲ ಹತ್ತಿ, ಒಂಬತ್ತು ಸಲ ಇಳಿಯುತ್ತಾರೆ. ಈಗ ಮಹಡಿಯಲ್ಲಿರುವ ಹಾವೇರಿ ದಂಪತಿಗೆ ಬೆಳಿಗ್ಗೆ ಆರಕ್ಕೆ ಬಿಸಿನೀರು, ರೋಗಿಗೆ ಗಂಜಿ. ಗಂಜಿ ಬಾಡಿಗೆಯಲ್ಲಿ ಸೇರಿಲ್ಲ. "ಕಾಯಿಲೆಯವರು ಉಪವಾಸ ಮಲಗಿದ್ರೆ ನಂಗೆ ಊಟ ಇಳಿಯುತ್ತಾ?"

ಇತ್ತೀಚೆಗೆ ಸರ್ಕಾರದ ಹೊಸ ನಿಯಮ ಬಂತು. ಇಡೀ ಅಪಾರ್ಟ್‌ಮೆಂಟನ್ನೇ ದಿನದ ಬಾಡಿಗೆಗೆ ಬಿಡುವ ದೊಡ್ಡ ಕುಳಗಳನ್ನು ಹಿಡಿಯಲು ಮಾಡಿದ್ದಂತೆ. ಇಂಥ ಮನೆಗಳೆಲ್ಲ ನೋಂದಣಿಯಾಗಬೇಕು, ಇಲ್ಲವೇ ಬಾಡಿಗೆ ನಿಲ್ಲಿಸಬೇಕು. ಷರತ್ತು ಎರಡು. ಅತಿಥಿಗಳಿಗೆ ಬಚ್ಚಲು ಸಮೇತ ಕನಿಷ್ಠ ಎರಡು ರೂಮು ಇರಬೇಕು. ಮಾಲೀಕರು ಅದೇ ಮನೆಯಲ್ಲಿ ವಾಸವಿರಬೇಕು. ಗಿರಿಜಾದೇವಿಯವರ ಮನೆಯಲ್ಲಿರುವುದೇ ಎರಡು ರೂಮು. ಮೇಲಿನದು ಅತಿಥಿಗಳದ್ದು, ಕೆಳಗಿನದು ಅವರದ್ದು.

ದಾರಿ ತೋರಿಸಿದವರು ಪಕ್ಕದ ಮನೆಯ ಸೇತುರಾಮ. ಅಂಚೆ ಇಲಾಖೆಯಿಂದ ನಿವೃತ್ತರು, ಸುತ್ತೋಲೆಗಳನ್ನು ಪಂಚಾಂಗದಷ್ಟೇ ಭಕ್ತಿಯಿಂದ ಓದುವವರು. "ಗಿರಿಜಮ್ಮ, ಕೆಳಗಿನ ರೂಮೂ ಕೊಟ್ಬಿಡಿ. ನೀವು ಟೆರೇಸ್ ಮೇಲಿನ ಶೀಟ್ ರೂಮಿಗೆ ಹೋಗಿ. ರೂಮೂ ಎರಡಾಯ್ತು, ನೀವೂ ಇದ್ದಂಗಾಯ್ತು."

"ನೀರಿನ ಟ್ಯಾಂಕ್ ಪಕ್ಕ ಮಲಗ್ಲಾ ಸಾರ್?"

"ನೀರಿಗೆ ತೊಂದ್ರೆ ಇರಲ್ಲ ನೋಡಿ."

ಹೀಗೆ ತಂಗುವವರಿಗೆ ಮನೆಯಾಗಿ, ಮನೆಯವರಿಗೆ ತಂಗುದಾಣವಾಯಿತು. ಮಂಚ ಮೆಟ್ಟಿಲಿನ ತಿರುವಿನಲ್ಲಿ ತಿರುಗಲಿಲ್ಲ; ಚಾಪೆ ಹೋಯಿತು, ಲಿಂಗಪೂಜೆಯ ಮಣೆ ಹೋಯಿತು, ಹಿಂದೆ ಗಿರಿಜಾದೇವಿ ಹೋದರು. ಇಪ್ಪತ್ತು ದಿನದಿಂದ ತಗಡಿನ ಕೆಳಗಿದ್ದಾರೆ. "ಮಧ್ಯಾಹ್ನ ಇಡ್ಲಿ ಥರ ಬೇಯ್ತೀನಿ. ಆಗ್ಲಿ, ಒಂದು ಸರ್ಟಿಫಿಕೇಟ್ ಬಂದ್ರೆ ಸಾಕು. ಕದ್ದು ಮಾಡೋ ಕೆಲಸ ಅಲ್ವಲ್ಲ ಇದು."

ಇಂದು ಹನ್ನೊಂದಕ್ಕೆ ನೋಂದಣಿ ಅರ್ಜಿಯ ತಪಾಸಣೆ. ಬಂದ ಅಧಿಕಾರಿ ಸೌಮ್ಯಶ್ರೀ ಹೆಸರಿಗೆ ತಕ್ಕಂತೆ ಸೌಮ್ಯ. ಎರಡು ರೂಮು ನೋಡುತ್ತಾರೆ, ಎರಡು ಬಚ್ಚಲು ನೋಡುತ್ತಾರೆ, ಎರಡಕ್ಕೂ ಟಿಕ್ ಹಾಕುತ್ತಾರೆ. "ತುಂಬಾ ಕ್ಲೀನಾಗಿಟ್ಟಿದೀರ ಆಂಟಿ. ನೀವೆಲ್ಲಿರ್ತೀರಾ?"

ಈ ಪ್ರಶ್ನೆಗೇ ಕಾದಿದ್ದ ಗಿರಿಜಾದೇವಿ ಮಂಡಿಯನ್ನೂ ಮರೆತು ಮುಂದಾಗಿ ಟೆರೇಸಿಗೆ ಹತ್ತುತ್ತಾರೆ. ಚಾಪೆ, ಮಣೆ, ಹಗ್ಗದ ಮೇಲಿನ ಸೀರೆ, ಒಂದೊಂದನ್ನೂ ತೋರಿಸುತ್ತಾರೆ. "ವಾಸ ಪಕ್ಕಾ ಮೇಡಂ, ನಾನೇ ಸಾಕ್ಷಿ," ಎಂದು ಹಿಂದಿನಿಂದ ಏದುಸಿರಿನಲ್ಲಿ ಸೇತುರಾಮ.

ಸೌಮ್ಯಶ್ರೀ ಮನೆಯ ಮಂಜೂರಾದ ನಕ್ಷೆ ಬಿಚ್ಚುತ್ತಾರೆ, ಮಡಚುತ್ತಾರೆ, ಮತ್ತೆ ಬಿಚ್ಚುತ್ತಾರೆ. "ಆಂಟಿ, ಈ ರೂಮು ಪ್ಲ್ಯಾನಲ್ಲಿಲ್ಲ."

"ಶೀಟ್ ಹಾಕ್ಸಿದ್ದು ಆಮೇಲೆ ಮೇಡಂ. ಈ ಬೀದೀಲಿ ಎಲ್ರ ಮನೆ ಮೇಲೂ ಐತೆ."

"ಪ್ಲ್ಯಾನಲ್ಲಿ ಇಲ್ದಿರೋ ರೂಮಲ್ಲಿ ವಾಸ ಅಂತ ಬರೆಯೋಕಾಗಲ್ಲ. ಪ್ಲ್ಯಾನಲ್ಲಿರೋ ಎರಡೂ ರೂಮು ಗೆಸ್ಟ್‌ಗೆ ಕೊಟ್ಬಿಟ್ಟಿದೀರ. ಅಂದ್ರೆ ರೆಕಾರ್ಡ್ ಪ್ರಕಾರ ನೀವು ಈ ಮನೇಲಿ ಇಲ್ಲ."

"ವಾಪಸ್ ಕೆಳಗಿನ ರೂಮಿಗೆ ಹೋದ್ರೆ?"

"ಗೆಸ್ಟ್ ರೂಮು ಒಂದೇ ಆಗತ್ತೆ."

ಸೇತುರಾಮ ಸುತ್ತೋಲೆಯ ಹಿಂಬದಿ ತಿರುಗಿಸಿ ನೋಡುತ್ತಾರೆ. ಅಲ್ಲಿ ಏನೂ ಅಚ್ಚಾಗಿಲ್ಲ.

ಹಾವೇರಿಯವರು ಭಾನುವಾರದವರೆಗೆ ಇರಬಹುದು, ಆಮೇಲೆ ಯಾರನ್ನೂ ಇರಿಸಿಕೊಳ್ಳುವಂತಿಲ್ಲ ಎನ್ನುತ್ತಾರೆ ಸೌಮ್ಯಶ್ರೀ, ತಾವೇ ತಪ್ಪು ಮಾಡಿದವರ ಹಾಗೆ. 'ಮಾಲೀಕರು ವಾಸವಿಲ್ಲ, ಅರ್ಜಿ ತಿರಸ್ಕರಿಸಿದೆ' ಎಂದು ಬರೆದು ಕಾಗದ ಮುಂದಿಡುತ್ತಾರೆ. "ಇಲ್ಲೊಂದು ಸೈನ್ ಹಾಕಿ ಆಂಟಿ. ಕೆಳಗೆ ನೀವು ವಾಸ ಇರೋ ಅಡ್ರೆಸ್ ಬರೀರಿ."

ಗಿರಿಜಾದೇವಿ ಕನ್ನಡಕ ಸರಿಮಾಡಿಕೊಂಡು ನಿಧಾನಕ್ಕೆ ಸಹಿ ಹಾಕುತ್ತಾರೆ. ಪೆನ್ನು ಎತ್ತಿ ಕೇಳುತ್ತಾರೆ, "ಯಾವ ಅಡ್ರೆಸ್ ಮೇಡಂ?"

ಸೌಮ್ಯಶ್ರೀ ನಕ್ಷೆಯನ್ನು ನೋಡುತ್ತಾರೆ, ಚಾಪೆಯನ್ನು ನೋಡುತ್ತಾರೆ.

"ಈ ಮನೇದೇ ಬರೀರಿ."