ಅತ್ತೆಯ ಅಂಗೈಯಲ್ಲಿ ಲಿಂಗ, ನನ್ನ ಕೈಯಲ್ಲಿ ಸಕ್ಕರೆ ನೀರು

ನಮ್ಮ ಅತ್ತೆ ಬಾಗೂರಿನವರು. ಲಿಂಗಪೂಜೆ ಮುಗಿಯದೆ ಗುಟುಕು ನೀರೂ ಮುಟ್ಟುವವರಲ್ಲ. ಸಕ್ಕರೆ ಕಾಯಿಲೆ ಬಂದ ಮೇಲೆ ಹೊಸದುರ್ಗದ ನಮ್ಮ ಮನೆಯಲ್ಲಿ ಒಂದು ಕ್ರಮ ಮಾಡಿಕೊಂಡಿದ್ದೆವು: ಸ್ನಾನ, ಪೂಜೆ, ಪೂಜೆಯಾದ ಮೇಲೆ ಇನ್ಸುಲಿನ್ ಇಂಜೆಕ್ಷನ್, ಕೂಡಲೇ ತಿಂಡಿ. ಇಂಜೆಕ್ಷನ್ ಕೊಟ್ಟು ತಿಂಡಿ ತಡವಾದರೆ ಸಕ್ಕರೆ ಇಳಿದು ಜೀವಕ್ಕೇ ಅಪಾಯ ಎಂದು ಚಿತ್ರದುರ್ಗದ ಡಾಕ್ಟರು ಹೇಳಿದ್ದು ನನ್ನ ಎದೆಯಲ್ಲಿ ಮುಳ್ಳಿನಂತೆ ಕೂತಿತ್ತು.

ಆ ದಿನ ಇಂಜೆಕ್ಷನ್ ಕೊಟ್ಟಿದ್ದು ನನ್ನ ಗಂಡ. ಅಂಗಡಿ ಬಾಗಿಲು ತೆಗೆಯುವ ಅವಸರ. ತಾಯಿಯ ಹಣೆ ತುಂಬ ವಿಭೂತಿ ಕಂಡಿತು, ಪೂಜೆ ಆಯಿತೆಂದುಕೊಂಡರು ಮಹರಾಯರು! ಅತ್ತೆ ಸ್ನಾನ ಮಾಡಿ ಬಂದು, ವಿಭೂತಿ ಹಚ್ಚಿಕೊಂಡು ಆಗಷ್ಟೇ ಕುಳಿತಿದ್ದರು. ಮಗ ತೋಳು ಹಿಡಿದರೆ ಬೇಡ ಎನ್ನುವವರಲ್ಲ ಅವರು.

"ಅವ್ವಂಗೆ ಇಂಜೆಕ್ಷನ್ ಆಗೈತೆ, ತಿಂಡಿ ಕೊಡು," ಎಂದು ಕೂಗಿ ಬೈಕ್ ಹತ್ತಿ ಹೋದರು.

ರೊಟ್ಟಿ ತಟ್ಟೆ ಹಿಡಿದು ಒಳಗೆ ಬಂದರೆ, ಅತ್ತೆ ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಅದನ್ನೇ ದಿಟ್ಟಿಸುತ್ತಿದ್ದಾರೆ. ಪಕ್ಕದಲ್ಲಿ ಬಿಲ್ವಪತ್ರೆ ಇನ್ನೂ ಹಾಗೇ ಇದೆ. ಪೂಜೆ ಈಗಷ್ಟೇ ಶುರುವಾಗಿದೆ.

"ಅತ್ತೆ, ಒಂದು ತುತ್ತು ತಿಂದ್ಬಿಡ್ರಿ. ಇಂಜೆಕ್ಷನ್ ಆಗೈತೆ."

ಬೇಡವೆಂದು ತಲೆಯಾಡಿಸಿದರು, ಅಷ್ಟೇ. ಪೂಜೆಯ ನಡುವೆ ಅವರು ಮಾತಾಡುವುದಿಲ್ಲ. ಗಂಡನಿಗೆ ಕಾಲು ಗಂಟೆ ಬಿಡದೆ ಫೋನ್ ಮಾಡಿದೆ, ಎತ್ತಲಿಲ್ಲ. ಬೇಕಾದಾಗ ಎತ್ತಿದ್ದು ಯಾವಾಗ! ಅಡುಗೆಮನೆಗೆ ಓಡಿ ಸಕ್ಕರೆ ನೀರು ಕದಡಿ ತಂದೆ. ಅಷ್ಟರಲ್ಲಿ ಅತ್ತೆಯ ಹಣೆ ಬೆವರಿ, ವಿಭೂತಿ ಕರಗಿ ಹುಬ್ಬಿಗೆ ಇಳಿಯುತ್ತಿತ್ತು. ಬೆರಳು ನಡುಗುತ್ತಿದ್ದವು. ಲಿಂಗ ಎಲ್ಲಿ ಜಾರಿಬಿಡುತ್ತದೋ ಎಂದು ಅವರ ಕೈ ಕೆಳಗೆ ನನ್ನ ಕೈ ಒಡ್ಡಿದೆ.

ಬಾಯಿ ತೆರೆಸಿ ಸುರಿದುಬಿಡಲೇ? ಎಂದೂ ತಪ್ಪದ ನೇಮವನ್ನು ಸೊಸೆಯಾದವಳು ಬಲವಂತದಿಂದ ಮುರಿಯುವುದೇ? ಸುಮ್ಮನಿದ್ದರೆ ಕಣ್ಣೆದುರೇ ಜೀವ ಹೋಗುತ್ತದೆ. ಅತ್ತ ದರಿ, ಇತ್ತ ಪುಲಿ. ಅಯ್ಯೋ ಶಿವನೇ, ಅಷ್ಟು ಹೆದರಿಕೆ ನನಗೆ ಹೆರಿಗೆಯಲ್ಲೂ ಆಗಿರಲಿಲ್ಲ.

"ಅತ್ತೆ, ನಂಗೆ ಭಯ ಆಗ್ತೈತೆ. ನಿಮ್ಮ ಕಾಲಿಗೆ ಬೀಳ್ತೀನಿ, ಕುಡೀರಿ," ಎನ್ನುವಷ್ಟರಲ್ಲಿ ಅಳು ಒತ್ತರಿಸಿ ಬಂತು.

ಅವರು ಲಿಂಗದಿಂದ ಕಣ್ಣೆತ್ತಿ ನನ್ನನ್ನು ನೋಡಿದರು. ಬಾಯಿ ತೆರೆದರು. ಲಿಂಗ ಅಂಗೈಯಲ್ಲಿರುವಾಗಲೇ ಲೋಟದ ನೀರನ್ನೆಲ್ಲ ಕುಡಿದರು.

ಅವರ ಬೆವರು ಆರಿ, ಮೈ ಹತೋಟಿಗೆ ಬಂದ ಮೇಲೆ ಸೆರಗಿನಿಂದ ಅವರ ಹುಬ್ಬು ಒರೆಸಿದೆ.

"ನಿಮ್ಮ ನೇಮ ಕೆಡಿಸ್ಬಿಟ್ಟೆ ಅತ್ತೆ," ಎಂದೆ.

"ಶಿವ ಸಿಟ್ಟು ಮಾಡ್ಕಳಲ್ಲ ಬಿಡವ್ವಾ," ಎಂದರು. "ಜೀವ ಹೋದ್ರೆ ಹೋಗ್ಲಿ ಅಂತಾನೇ ಕುಂತಿದ್ದೆ. ನೀನು ಹಂಗೆ ಅಳೋದು ನೋಡಾಕಾಗ್ಲಿಲ್ಲ."