ಕೋಳಿಯ ಕಿವಿ

ಮೊನ್ನೆ ನನ್ನ ವಿದ್ಯಾರ್ಥಿನಿಯ ಜೊತೆ ರಸೆಲ್ ಮಾರುಕಟ್ಟೆಯ ಹಿಂಬದಿ ನಡೆದು ಬರ್ತಿದ್ದೆ. ಕೋಳಿ ಅಂಗಡಿಗಳ ಒದ್ದೆ ಪುಕ್ಕದ ವಾಸನೆ ಬಂತು. ಎಲ್ಲರೂ ಮೂಗು ಮುಚ್ಚಿಕೊಂಡು ದಾಟುವ ಜಾಗ. ನಾನು ಪೆದ್ದಿ ಹಾಗೆ ನಿಂತುಬಿಟ್ಟೆ. ಏನು ಮಾಡಲಿ ಹೇಳಿ, ಅರ್ಧ ಆಯಸ್ಸು ಕೋಳಿಮರಿಗಳ ಕಿವಿಯೊಳಗೆ ಇಣುಕೋದರಲ್ಲೇ ಕಳೆದಿದ್ದೀನಿ. 'ಕೋಳಿಗೆ ಕಿವಿ ಇರತ್ತೇನೇ?' ಅಂತ ನೆಂಟರು ಈಗಲೂ ನಗ್ತಾರೆ. ಇರತ್ತೆ, ಮಾರಾಯರೇ.

ಸಂಶೋಧನೆಗೆ ಈ ವಿಷಯ ಹೇಗೆ ಆರಿಸಿಕೊಂಡ್ರಿ ಅಂತ ಶಾಲೆಗಳಿಗೆ ಕರೆದಾಗೆಲ್ಲ ಕೇಳ್ತಾರೆ. ಕುತೂಹಲ, ಒಳ್ಳೆ ಮೇಷ್ಟ್ರು ಅಂತೆಲ್ಲ ಒಪ್ಪಿಸಿ, ಕಾಫಿ ಕುಡಿದು ಬರ್ತೀನಿ. ನಿಜ ಹೇಳಬೇಕಂದ್ರೆ ನಾನು ಆರಿಸಿಕೊಂಡಿದ್ದು ಏನೂ ಇಲ್ಲ. ನಮ್ಮಕ್ಕನ ಕಿವಿ ಹೋಯ್ತು, ನಾನು ಅದರ ಹಿಂದೆ ಹೋದೆ, ಅಷ್ಟೇ.

ಹಲಸೂರಿನ ನಮ್ಮ ಓಣಿಯಲ್ಲಿ ಅಕ್ಕನಷ್ಟು ವಾಚಾಳಿ ಇನ್ನೊಬ್ಬಳಿರಲಿಲ್ಲ. ಹರೆಯದಲ್ಲಿ ದೊಡ್ಡ ಕಾಯಿಲೆ ಬಂತು, ಇಂಜೆಕ್ಷನ್ ಮೇಲೆ ಇಂಜೆಕ್ಷನ್. ಜೀವ ಉಳೀತು, ಕಿವಿ ಹೋಯ್ತು. ತುಟಿ ನೋಡಿ ಮಾತು ಹಿಡಿಯೋದು ಕಲಿತಳು, ಅದೂ ಕನ್ನಡ ಒಂದೇ. ಓಣಿ ತುಂಬ ತಮಿಳು. ಎದುರುಮನೆ ಸೆಲ್ವಿ ಆಂಟಿ ಅಕ್ಕನಿಗೋಸ್ಕರವೇ ಕನ್ನಡ ಕಲಿತು, ಬಾಗಿಲಲ್ಲಿ ನಿಂತು ಬಾಯಿ ಇಷ್ಟಗಲ ತೆರೆದು, 'ಊಟ... ಆಯ್ತಾ... ಕಣ್ಣು?' ಅನ್ನೋರು; ಆ ಮುದ್ದಿನ 'ಕಣ್ಣು' ಮಾತ್ರ ತಮಿಳಿಂದು. ಅಕ್ಕ ಬಿದ್ದು ಬಿದ್ದು ನಗೋಳು. ಅಮ್ಮ ಒಳಗೆ ಹೋಗಿ ಅಳೋಳು.

ಕಾಲೇಜಿನಲ್ಲಿ ಒಂದು ದಿನ ಪಾಠದಲ್ಲಿ ಬಂತು: ಒಳಕಿವಿಯಲ್ಲಿ ಸದ್ದು ಹಿಡಿಯುವ ಜೀವಕೋಶಗಳು ಮನುಷ್ಯರಲ್ಲಿ ಸತ್ತರೆ ಸತ್ತ ಹಾಗೇ, ಕೋಳಿಗೆ ಮತ್ತೆ ಹುಟ್ಟುತ್ತವೆ. ಮನೆಗೆ ಓಡಿ ಬಂದು ಹೇಳಿದೆ. ಅಕ್ಕ ನನ್ನ ತುಟಿಯನ್ನೇ ನೋಡ್ತಾ, 'ಕೋಳಿಗೆ ಬರತ್ತೆ, ನಂಗ್ಯಾಕೆ ಬರಲ್ಲ? ಕಂಡುಹಿಡಿಯೇ' ಅಂದಳು. ಮುಗೀತಲ್ಲ.

ಆಮೇಲೆ ಲ್ಯಾಬಿಂದ ಬಂದರೆ ಸಾಕು, 'ಬೆಳೀತೇನೇ?' ಅಂತ ಅಕ್ಕ ಕೇಳೋಳು. 'ಕೋಳಿಗೆ ಬೆಳೀತು' ಅಂತಿದ್ದೆ. 'ನಿನ್ನ ಕೋಳಿ ಮನೆ ಹಾಳಾಗ!' ಅಂತ ಬೈದು ಊಟಕ್ಕೆ ಬಡಿಸೋಳು. ವರ್ಷಗಳು ಕಳೀತಾ ಕೇಳೋದನ್ನೇ ಬಿಟ್ಟಳು. ನನಗೆ ನೋವಾಗಬಾರದು ಅಂತ. ಅದೇ ಹೆಚ್ಚು ನೋವು ಕೊಡ್ತು. ಹೋದ ವರ್ಷ ಅಕ್ಕ ತೀರಿಕೊಂಡಳು. ಅಂದಿನಿಂದ ಲ್ಯಾಬಿಗೆ ಹೋಗ್ತೀನಿ, ಬರ್ತೀನಿ. ಯಾರಿಗೋಸ್ಕರ ಅಂತ ಗೊತ್ತಿಲ್ಲ. ಈ ಕೆಲಸ ಬಿಟ್ಟುಬಿಡೋಣ ಅಂತ ತೀರ್ಮಾನ ಮಾಡಿಯೂ ಆಗಿತ್ತು.

ಮೊನ್ನೆ ಮಾರುಕಟ್ಟೆಯ ಹಿಂದೆ ನಾನು ಹಾಗೆ ನಿಂತಿದ್ದು ನೋಡಿ ನನ್ನ ವಿದ್ಯಾರ್ಥಿನಿ, ಕಲಬುರಗಿ ಕಡೆಯ ಹುಡುಗಿ, 'ಮೇಡಂ, ನೀವು ಈ ಕೋಳಿ ಕಿವೀನೇ ಯಾಕ ಹಿಡಿದ್ರಿ?' ಅಂದಳು.

ಕುತೂಹಲ ಅನ್ನೋಕೆ ಬಾಯಿ ತೆರೆದೆ, ಬರಲಿಲ್ಲ. 'ನಮ್ಮಕ್ಕನಿಗೆ ಕೇಳ್ತಿರಲಿಲ್ಲಮ್ಮ' ಅಂದೆ.

ಅವಳ ಮುಖ ಅರಳಿತು. 'ಈಗ ಕೇಳ್ತದೇನ್ರೀ?' ಮೇಡಂ ಕೈ ಹಾಕಿದ ಮೇಲೆ ವಾಸಿಯಾಗಿರಲೇಬೇಕು ಅನ್ನೋ ನಂಬಿಕೆ, ಪಾಪ.

'ಇಲ್ಲ. ಹೋಗ್ಬಿಟ್ಟಳು.' ಅಷ್ಟು ಜನರ ನಡುವೆ ಅಳು ತಡೆಯೋಕೆ ಆಗಲಿಲ್ಲ.

ಹುಡುಗಿ ನನ್ನ ಕೈ ಹಿಡಿದುಕೊಂಡಳು. ಮೆಲ್ಲಗೆ, 'ನಮ್ಮಪ್ಪಗೂ ಕೇಳಂಗಿಲ್ರೀ ಮೇಡಂ. ಡ್ರಿಲ್ ಮಷೀನ್ ಹಿಡಿದು ಹಿಡಿದು ಹಿಂಗಾಗ್ಯದ' ಅಂದಳು.

ಲ್ಯಾಬಿಗೆ ಸೇರಿಸಿಕೊಳ್ಳುವಾಗ ಇವಳ ಅಂಕ ನೋಡಿದ್ದೆ. ಯಾಕೆ ಬಂದೆ ಅಂತ ಕೇಳಿರಲಿಲ್ಲ.

'ಇದ್ದಾರಾ?'

'ಅದಾರ್ರೀ. ಇಲ್ಲೇ ಹೊರಮಾವಿನಾಗ, ನನ್ನ ಕೂಡ.'

ಸೆರಗಿನಲ್ಲಿ ಮುಖ ಒರೆಸಿಕೊಂಡೆ. 'ಹಾಗಾದ್ರೆ ನಡಿ, ಲ್ಯಾಬಿಗೆ ಹೋಗೋಣ' ಅಂದೆ.